ಕೆಲಸದ ಜಾಗದಲ್ಲಿ ಒತ್ತಡ ಬಂದಾಗ ಕ್ರೈಸ್ತ ನಂಬಿಕೆಯನ್ನು ಮುಚ್ಚಿಟ್ಟುಕೊಂಡು ಇರಬೇಕಾ, ಕೆಲಸ ಬಿಡಬೇಕಾ?

ಭಾನುವಾರದ ಆರಾಧನೆ ಬಿಟ್ಟು ಬರಲು ಹೇಳುತ್ತಾರೆ, ಸುಳ್ಳು ವರದಿಗೆ ಸಹಿ ಹಾಕಲು ಹೇಳುತ್ತಾರೆ, ನಂಬಿಕೆಯ ವಿಷಯ ಆಫೀಸಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ ಅಂತ ಬರೆದಿದ್ದೀರಿ. ಓದುವಾಗ ನನ್ನ ಹಳೇ ಆಫೀಸು ಕಣ್ಣ ಮುಂದೆ ಬಂತು.

ಕೆಲಸಕ್ಕೆ ಸೇರಿ ಎರಡನೇ ವಾರ. ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, "ಈ ಭಾನುವಾರ ಬೆಳಿಗ್ಗೆ ಬರಬೇಕಾಗುತ್ತೆ, ಆಗುತ್ತಲ್ವಾ?" ಎಂದರು. ಗದರಿಸಲಿಲ್ಲ, ಸಾಧಾರಣವಾಗಿಯೇ ಕೇಳಿದರು. "ಭಾನುವಾರ ಆರಾಧನೆಗೆ ಹೋಗ್ತೀನಿ ಸಾರ್" ಎನ್ನುವ ಮಾತು ನಾಲಿಗೆ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಮೂವರು ಕೂತಿದ್ದರು. "ಅಮ್ಮನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು" ಅಂದುಬಿಟ್ಟೆ. ಅಮ್ಮ ಆರೋಗ್ಯವಾಗಿಯೇ ಇದ್ದರು.

ನನ್ನ ತಪ್ಪು ಶುರುವಾದದ್ದು ಇಲ್ಲಿಂದಲೇ. ಇದನ್ನು ಬಿಡಿಸಿ ಹೇಳಲೇಬೇಕು. ಯಾಕೆಂದರೆ ಆವತ್ತು ಅದು ತಪ್ಪು ಅಂತಲೇ ನನಗೆ ಅನ್ನಿಸಲಿಲ್ಲ. ಆರಾಧನೆ ತಪ್ಪಲಿಲ್ಲ, ದೇವರಿಗೆ ಕೊಡಬೇಕಾದ ಸಮಯ ಕೊಟ್ಟೆ, ಯಾರ ಜೊತೆಗೂ ಜಗಳ ಆಗಲಿಲ್ಲ. ನಂಬಿಕೆ ಉಳಿಸಿಕೊಂಡೆ ಅಂದುಕೊಂಡೆ. ಆ ಭಾನುವಾರ ಚರ್ಚಿನ ಸಭೆಯಲ್ಲಿ ಕೂತು ಹಾಡಿದೆ ಕೂಡ. ಆದರೆ ಸುಳ್ಳು ಒಂದಕ್ಕೇ ನಿಲ್ಲಲಿಲ್ಲ. ಮುಂದಿನ ಭಾನುವಾರಕ್ಕೆ ಅಮ್ಮನಿಗೆ ಮತ್ತೆ ಹುಷಾರು ತಪ್ಪಬೇಕಾಯಿತು. ಆಮೇಲೆ ಕಾಯಿಲೆಗೆ ಒಂದು ಹೆಸರೂ ಬೇಕಾಯಿತು. ಮ್ಯಾನೇಜರ್ ಪಾಪ, ನಂಬಿದರು. ವಾರ ವಾರ ವಿಚಾರಿಸುತ್ತಿದ್ದರು.

ಒಂದು ದಿನ ನಾನು ಮರೆತುಹೋದ ಬೀಗದ ಕೈ ಕೊಡೋಕೆ ಅಮ್ಮ ಆಫೀಸಿಗೇ ಬಂದರು. ಮ್ಯಾನೇಜರ್ ಎದ್ದು ಕುರ್ಚಿ ಎಳೆದುಕೊಟ್ಟು, "ಈಗ ಹೇಗಿದ್ದೀರಮ್ಮ? ಡಾಕ್ಟರ್ ಏನಂದ್ರು?" ಎಂದು ಕೇಳಿದರು. ಅಮ್ಮ ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದರು. ಬೀಗದ ಕೈ ಅವರ ಅಂಗೈಯಲ್ಲೇ ಇತ್ತು, ತೆಗೆದುಕೊಳ್ಳೋಕೆ ನನಗೆ ಕೈ ಬರಲಿಲ್ಲ.

ಅದಾಗಿ ಎರಡು ತಿಂಗಳಿಗೆ, ಮಾಡದ ತಪಾಸಣೆಯನ್ನು ಮಾಡಿದ್ದೇವೆ ಅಂತ ಬರೆದ ವರದಿ ನನ್ನ ಮೇಜಿಗೆ ಬಂತು. "ಇದು ಸುಳ್ಳು ಸಾರ್, ನಾನು ಕ್ರೈಸ್ತ ವಿಶ್ವಾಸಿ, ಸಹಿ ಹಾಕಲ್ಲ" ಎಂದೆ. ಕೊನೆಗೂ ಬಾಯಿ ಬಿಟ್ಟಿದ್ದೆ. ಅವರು ಕೂಗಾಡಲಿಲ್ಲ. "ಅಮ್ಮನ ವಿಷಯದಲ್ಲಿ ಸುಳ್ಳು ಹೇಳುವಾಗ ಈ ನಂಬಿಕೆ ಎಲ್ಲಿತ್ತು?" ಅಂದರು ಅಷ್ಟೇ. ನನ್ನ ಬಳಿ ಉತ್ತರ ಇರಲಿಲ್ಲ. ಸಹಿ ಹಾಕಿದೆ.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮುಚ್ಚಿಟ್ಟುಕೊಳ್ಳೋದು, ಕೆಲಸ ಬಿಡೋದು, ಇವೆರಡೇ ದಾರಿ ಅಲ್ಲ. ಮೊದಲೇ ಹೇಳೋದು ಅಂತ ಒಂದಿದೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಕ್ರೈಸ್ತ ಓಟಗಾರ ಎರಿಕ್ ಲಿಡಲ್ ಭಾನುವಾರ ಅನ್ನೋ ಕಾರಣಕ್ಕೆ 100 ಮೀಟರ್ ಓಟ ಬಿಟ್ಟರು. ಅವರು ಅದನ್ನು ಕೊನೇ ಗಳಿಗೆಯಲ್ಲಿ ಹೇಳಲಿಲ್ಲ. ಭಾನುವಾರ ಓಡಲ್ಲ ಅಂತ ತಿಂಗಳುಗಳ ಮುಂಚೆಯೇ ತಿಳಿಸಿದ್ದರು. ಹಾಗಾಗಿ 400 ಮೀಟರ್‌ಗೆ ತಯಾರಾಗೋಕೆ ಸಮಯ ಸಿಕ್ಕಿತು, 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಬೈಬಲಿನಲ್ಲಿ ಬರುವ, ಬಾಬೆಲಿನ ಅರಮನೆಗೆ ಸೆರೆಯಾಳಾಗಿ ಹೋದ ದಾನಿಯೇಲನೂ ಅಷ್ಟೇ. ರಾಜನ ಊಟದಿಂದ ನನ್ನನ್ನು ಅಶುದ್ಧ ಮಾಡಿಕೊಳ್ಳಲ್ಲ ಅಂತ ಮೊದಲು ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡ. ಆಮೇಲೆ ಅಧಿಕಾರಿಯ ಹತ್ತಿರ ಹೋಗಿ ವಿನಯದಿಂದ ಕೇಳಿದ, 10 ದಿನ ಪರೀಕ್ಷೆ ಮಾಡಿ ನೋಡಿ ಅಂದ. ಪ್ರಾರ್ಥನೆ ಬಿಡಲಿಲ್ಲ ಅಂತ ಅವನನ್ನು ಸಿಂಹದ ಗವಿಗೆ ಹಾಕಿದ್ದು ಎಷ್ಟೋ ವರ್ಷದ ನಂತರ.

ಒಳಗೊಳಗೇ ನಂಬಿದರೆ ಸಾಕು ಅನ್ನೋ ಆಸೆ ಹಳೆಯದು. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೆಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಚೀಟಿ ಪಡೆಯಬೇಕು ಅಂತ ಆಜ್ಞೆ ಹೊರಡಿಸಿದ. ಕೆಲವು ಕ್ರೈಸ್ತರು ಬಲಿ ಕೊಡದೆ, ದುಡ್ಡು ಕೊಟ್ಟು ಚೀಟಿ ಮಾತ್ರ ಮಾಡಿಸಿಕೊಂಡರು. ಕ್ರೈಸ್ತ ಸಭೆ ಅದನ್ನೂ ನಂಬಿಕೆಯಿಂದ ಬೀಳುವಿಕೆ ಅಂತಲೇ ಎಣಿಸಿತು. ಆದರೆ ಪಶ್ಚಾತ್ತಾಪಪಟ್ಟವರನ್ನು ಮತ್ತೆ ಸೇರಿಸಿಕೊಂಡಿತು. ಆ ಎರಡನೇ ಮಾತು ನನಗೆ ತುಂಬಾ ಬೇಕಾಗಿತ್ತು. ಯೇಸುವಿನ ಶಿಷ್ಯ ಪೇತ್ರನೂ ಬಿದ್ದದ್ದು ಕತ್ತಿ ಹಿಡಿದವನ ಮುಂದಲ್ಲ, ನೀನೂ ಅವನ ಶಿಷ್ಯನಾ ಅಂತ ಬಾಗಿಲು ಕಾಯುವ ಹುಡುಗಿ ಸುಮ್ನೆ ಕೇಳಿದ ಪ್ರಶ್ನೆಗೆ, ಅಲ್ಲ ಅಂದುಬಿಟ್ಟ. ಅವನನ್ನೂ ಯೇಸು ಕೈಬಿಡಲಿಲ್ಲ.

ಮೂರು ವಾರ ಆದ ಮೇಲೆ ಹೋಗಿ ಮ್ಯಾನೇಜರ್ ಹತ್ತಿರ ಎಲ್ಲಾ ಹೇಳಿಕೊಂಡೆ, ನನ್ನ ಸಹಿ ವಾಪಸ್ ತೆಗೆದುಕೊಳ್ತೀನಿ ಅಂತ ಬರೆದೂ ಕೊಟ್ಟೆ. ನನ್ನನ್ನು ಆ ತಂಡದಿಂದ ತೆಗೆದರು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಅವರು ಆಡಿದ ಮಾತಿನಿಂದ: "ಭಾನುವಾರದ ವಿಷಯ ಮೊದಲನೇ ದಿನವೇ ಹೇಳಿದ್ದರೆ ಶನಿವಾರ ಬಾ ಅಂತಿದ್ದೆ."

ಸುಳ್ಳು ವರದಿಗೆ ಮಾತ್ರ ಸಹಿ ಹಾಕಲೇಬೇಡಿ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಕೆಲಸ ಹೋದರೆ ಹೋಗಲಿ. ಆದರೆ ನೀವಾಗಿಯೇ ಈಗಲೇ ರಾಜೀನಾಮೆ ಬರೆಯಬೇಡಿ, ಇನ್ನೂ ಯಾರಿಗೂ ಬಾಯಿಬಿಟ್ಟು ಹೇಳೇ ಇಲ್ಲವಲ್ಲ ನೀವು. ಮುಂದಿನ ಭಾನುವಾರ ಬರುವ ಮುಂಚೆ ಹೋಗಿ ಮಾತಾಡಿ. ಉದ್ದ ವಿವರಣೆ ಬೇಡ. "ಭಾನುವಾರ ಬೆಳಿಗ್ಗೆ ಆರಾಧನೆ ಇರುತ್ತೆ, ಬೇರೆ ದಿನ ಎಷ್ಟು ಹೊತ್ತು ಬೇಕಾದರೂ ಇರ್ತೀನಿ" ಅನ್ನಿ. ಅಷ್ಟು ಸಾಕು.