ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಒಂದು ದಿನದ ಸಹಾಯ ದಿನವೂ ಆದಾಗ

ಈ ಸಲದ ಪತ್ರಗಳಲ್ಲಿ ಒಂದೇ ಸಂಕಟ ಬೇರೆ ಬೇರೆ ರೂಪದಲ್ಲಿ ಬಂದಿದೆ. ಪಕ್ಕದ ಮನೆಯವರಿಗೆಂದು ಒಪ್ಪಿಕೊಂಡ ಸಣ್ಣ ಸಹಾಯ ಬೆಳೆದು ನಿಂತಿದೆ. ಬೇಡ ಎನ್ನಲು ದಾಕ್ಷಿಣ್ಯ, ಸಹಿಸಿಕೊಂಡಿರಲು ಆಗುತ್ತಿಲ್ಲ.

ಪ್ರಶ್ನೆ: ಪಕ್ಕದ ಮನೆಯ ದಂಪತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಒಂದು ಸಂಜೆ ತಡವಾಗುತ್ತದೆ, ಮಗನನ್ನು ಒಂದು ಗಂಟೆ ನೋಡಿಕೊಳ್ಳಿ ಎಂದರು, ಒಪ್ಪಿದೆ. ಈಗ ವಾರದ ಐದೂ ದಿನ ಶಾಲೆ ಬಿಟ್ಟ ಕೂಡಲೇ ಮಗು ನಮ್ಮ ಮನೆಗೆ ಬರುತ್ತದೆ. ಅವರು ಬಂದು ಕರೆದುಕೊಂಡು ಹೋಗುವಾಗ ಏಳು ದಾಟಿರುತ್ತದೆ. ನಾನು ಮನೆಯಿಂದಲೇ ಕೆಲಸ ಮಾಡುವವಳು. ಮಗುವಿನ ಮೇಲೆ ಪ್ರೀತಿಯಿದೆ, ಅವರ ಜೊತೆ ಮನಸ್ತಾಪವೂ ಬೇಡ. ಹೇಗೆ ಹೇಳಲಿ?

ಹೇಳುವ ಮೊದಲು ನಿಮ್ಮಿಂದ ಎಷ್ಟು ಸಾಧ್ಯ ಎಂದು ನೀವೇ ತೀರ್ಮಾನಿಸಿ. ಪೂರ್ತಿ ನಿಲ್ಲಿಸಬೇಕೋ, ವಾರಕ್ಕೆ ಎರಡು ದಿನವಾದರೆ ಆಗುತ್ತದೋ, ತುರ್ತಿಗೆ ಮಾತ್ರವೋ? ಇದು ಗಟ್ಟಿಯಾಗದೆ ಮಾತಿಗೆ ಹೋದರೆ ‘ಸ್ವಲ್ಪ ಕಷ್ಟ ಆಗ್ತಿದೆ’ ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಅವರು ‘ಅಯ್ಯೋ ಹೌದಾ, ಇನ್ಮೇಲೆ ಬೇಗ ಬರ್ತೀವಿ’ ಎನ್ನುತ್ತಾರೆ. ನಾಲ್ಕು ದಿನ ಆರೂವರೆಗೆ ಬರುತ್ತಾರೆ, ಐದನೆಯ ದಿನ ಮತ್ತೆ ಏಳು. ಎಷ್ಟು ದಿನ, ಎಷ್ಟು ಹೊತ್ತಿನವರೆಗೆ, ಯಾವತ್ತಿನಿಂದ ಎಂಬುದಿಲ್ಲದ ಮಾತು ಅವರ ಕಿವಿಗೆ ಬರೀ ಗೋಳಾಗಿ ಬೀಳುತ್ತದೆ.

ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದಾಗ ಬಾಗಿಲಲ್ಲೇ ನಿಂತು ಈ ಮಾತು ತೆಗೆಯಬೇಡಿ. ಅವರು ದಣಿದಿರುತ್ತಾರೆ, ಮಗು ಕೇಳಿಸಿಕೊಳ್ಳುತ್ತದೆ, ತಾನು ಬೇಡವಾದೆ ಎಂದುಕೊಳ್ಳುತ್ತದೆ. ‘ನಿಮ್ಮಮ್ಮನಿಗೆ ಹೇಳು’ ಎಂದು ಮಗುವಿನ ಕೈಯಲ್ಲಿ ಹೇಳಿಕಳಿಸುವುದಂತೂ ಕೂಡದು. ರಜೆಯ ದಿನ ಬೆಳಿಗ್ಗೆ ನೀವೇ ಅವರ ಮನೆಗೆ ಹೋಗಿ. ನಿಮ್ಮ ಮನೆಗೆ ಕರೆದರೆ ಮಾತು ಎಳೆದಾಗ ಎದ್ದು ಬರಲು ದಾರಿಯಿರುವುದಿಲ್ಲ. ಹತ್ತು ನಿಮಿಷ ಸಾಕು. ಮಾತು ಹೀಗಿರಲಿ:

‘ಅಕ್ಕ, ಮಗನ ವಿಷಯ ಮಾತಾಡೋಣ ಅಂತ ಬಂದೆ. ಅವನು ಬರೋದು ನಮಗೆ ಖುಷಿ. ಆದ್ರೆ ದಿನಾ ನೋಡ್ಕೊಳ್ಳೋದು ನನ್ನಿಂದ ಆಗಲ್ಲ. ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಮಂಗಳವಾರ, ಗುರುವಾರ ಆರು ಗಂಟೆವರೆಗೆ ನೋಡ್ಕೊಳ್ತೀನಿ. ಮಿಕ್ಕ ದಿನಕ್ಕೆ ನೀವು ಬೇರೆ ಏರ್ಪಾಡು ಮಾಡ್ಕೊಳ್ಳಿ.’

ಇಷ್ಟು ಹೇಳಿ ನಿಲ್ಲಿಸಿ. ಸಾಮಾನ್ಯವಾಗಿ ಕೆಡುವುದು ಇದರ ಮುಂದಿನ ಮಾತಿನಲ್ಲೇ. ಮೌನ ಸಹಿಸಲಾಗದೆ ನಾವು ಕಾರಣಗಳನ್ನು ಜೋಡಿಸತೊಡಗುತ್ತೇವೆ. ‘ಮೀಟಿಂಗ್ ಇರುತ್ತೆ’ ಎಂದರೆ ‘ಅವನು ಸದ್ದು ಮಾಡಲ್ಲ, ಒಳಗಿನ ರೂಮಲ್ಲಿ ಕೂರ್ತಾನೆ’ ಎಂಬ ಉತ್ತರ ಬರುತ್ತದೆ. ‘ಊಟ ಕೊಡೋಕೆ ಆಗಲ್ಲ’ ಎಂದರೆ ಮರುದಿನ ಡಬ್ಬಿ ಬರುತ್ತದೆ. ಕಾರಣ ಕೊಟ್ಟಷ್ಟೂ ಅದಕ್ಕೊಂದು ಪರಿಹಾರ ಹುಡುಕುವುದು ಅವರ ಕೆಲಸವಾಗುತ್ತದೆ. ‘ನನ್ನಿಂದ ಆಗಲ್ಲ’ ಎಂಬುದಕ್ಕೆ ಹಾಗೆ ಪರಿಹಾರ ಹುಡುಕಲು ಬರುವುದಿಲ್ಲ. ಅವರು ಮತ್ತೆ ಕೇಳಿದರೆ ಹೊಸ ಕಾರಣ ತರಬೇಡಿ. ಅದೇ ದನಿಯಲ್ಲಿ ಅದೇ ವಾಕ್ಯವನ್ನು ಇನ್ನೊಮ್ಮೆ ಹೇಳಿ.

ಎರಡು ವಾರವಾದರೂ ಮುಂಚೆ ತಿಳಿಸಿ. ಇಬ್ಬರೂ ದುಡಿಯುವ ಮನೆಗೆ ‘ನಾಳೆಯಿಂದ ಬೇಡ’ ಎಂಬುದು ನಿಜಕ್ಕೂ ಪೆಟ್ಟು. ಆ ಪೆಟ್ಟಿಗೆ ಅವರು ಸಿಟ್ಟಾದರೆ ತಪ್ಪು ಹೇಳಲಾಗದು.

ಇಷ್ಟು ದಿನ ನಿಮ್ಮ ಕಷ್ಟ ಅವರಿಗೆ ಹೇಗೆ ತಿಳಿಯಲಿಲ್ಲ ಎಂದು ಪತ್ರದ ಕೊನೆಯಲ್ಲಿ ನೊಂದುಕೊಂಡಿದ್ದೀರಿ. ತಿಳಿಯದಿರುವುದೇ ಸಾಮಾನ್ಯ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಸಹಾಯ ಕೇಳುವವರು ತಮಗೆ ಎಷ್ಟು ಜನ ಒಪ್ಪಬಹುದು ಎಂಬುದನ್ನು ನಿಜಕ್ಕಿಂತ ಕಡಿಮೆ ಅಂದಾಜು ಮಾಡಿದ್ದರು. ಮುಖಾಮುಖಿ ಇಲ್ಲ ಎನ್ನುವುದು ಎದುರಿನವರಿಗೆ ಎಷ್ಟು ಕಷ್ಟ ಎಂಬುದು ಕೇಳುವವರ ಗಮನಕ್ಕೆ ಬರುವುದಿಲ್ಲ, ಅದಕ್ಕೇ ಹೀಗಾಗುತ್ತದೆ. ನೀವು ದಾಕ್ಷಿಣ್ಯಕ್ಕೆ ಹೇಳಿದ ಹೂಂ ಅವರಿಗೆ ಮನಸಾರೆ ಹೇಳಿದ್ದಾಗಿಯೇ ಕೇಳಿಸಿರಬಹುದು. ಆದ್ದರಿಂದ ಮಾತಿನಲ್ಲಿ ಆರೋಪ ಬೇಡ. ‘ನೀವು ದುರುಪಯೋಗ ಮಾಡ್ಕೊಂಡ್ರಿ’ ಎಂದರೆ ಮಗುವಿನ ವಿಷಯ ಬದಿಗೆ ಸರಿದು ಅವರ ಮರ್ಯಾದೆಯ ಪ್ರಶ್ನೆ ಎದ್ದು ನಿಲ್ಲುತ್ತದೆ.

ಎರಡು ದಿನ ಒಪ್ಪಿಕೊಂಡಿರಾದರೆ ಕೆಲವು ವಿವರ ಬರೆಸಿಟ್ಟುಕೊಳ್ಳಿ: ಇಬ್ಬರ ಫೋನ್ ನಂಬರ್ ಜೊತೆಗೆ ಇನ್ನೊಬ್ಬ ಹತ್ತಿರದವರದು, ಮಗುವಿಗೆ ಒಗ್ಗದ ಆಹಾರ ಮತ್ತು ಔಷಧಿ, ಅಪ್ಪ ಅಮ್ಮನ ಬದಲು ಯಾರು ಬಂದರೆ ಕಳಿಸಬಹುದು. ಆರಕ್ಕೆ ಬರಬೇಕಾದವರು ಆರೂ ಹತ್ತಾದರೂ ಬರದಿದ್ದರೆ ಫೋನ್ ಮಾಡಿ. ಮೊದಲ ಸಲ ತಡವಾದಾಗ ‘ಪರವಾಗಿಲ್ಲ’ ಎಂದುಬಿಟ್ಟರೆ ಆರು ಗಂಟೆ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ‘ಇವತ್ತು ಆಯ್ತು, ಗುರುವಾರ ಆರಕ್ಕೇ ಬನ್ನಿ’ ಎಂದು ಅಂದೇ ಹೇಳಿ.

ಕೆಲವು ದಿನ ಅವರ ಮುಖ ಗಂಟಿಕ್ಕಿರಬಹುದು. ಎದುರಾದಾಗ ಎಂದಿನಂತೆ ಮಾತಾಡಿಸಿ. ಅವರನ್ನು ಸಮಾಧಾನ ಮಾಡಲು ಇನ್ನೊಂದು ಸಹಾಯ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ಎದುರು ಮನೆಯವರ ಇಂಟರ್ನೆಟ್ ಕೆಟ್ಟಾಗ ನಮ್ಮ ವೈ-ಫೈ ಪಾಸ್‌ವರ್ಡ್ ಕೊಟ್ಟಿದ್ದೆ. ತಿಂಗಳುಗಳೇ ಆದವು, ಇನ್ನೂ ಬಳಸುತ್ತಿದ್ದಾರೆ. ಅವರ ನೆಂಟರ ಫೋನ್‌ಗಳೂ ನಮ್ಮ ರೌಟರ್‌ನಲ್ಲಿ ಕಾಣುತ್ತಿವೆ. ಹೇಳದೆ ಪಾಸ್‌ವರ್ಡ್ ಬದಲಿಸಿಬಿಡಲೇ?

ಬದಲಿಸಿ, ಆದರೆ ಹೇಳಿ ಬದಲಿಸಿ. ಹೇಳದೆ ಬದಲಿಸಿದರೆ ಹತ್ತು ನಿಮಿಷದಲ್ಲಿ ‘ನೆಟ್ ಬರ್ತಿಲ್ಲ, ಏನಾಯ್ತು?’ ಎಂದು ಬಾಗಿಲಿಗೆ ಬರುತ್ತಾರೆ. ಆಗ ಸುಳ್ಳು ಹೇಳಬೇಕು, ಇಲ್ಲವೇ ಹೊಸ ಪಾಸ್‌ವರ್ಡ್ ಕೊಡಬೇಕು. ‘ಭಾನುವಾರ ಪಾಸ್‌ವರ್ಡ್ ಬದಲಿಸ್ತಿದ್ದೀವಿ, ಇನ್ಮೇಲೆ ನಮ್ಮ ಮನೆಯವರಿಗಷ್ಟೇ ಇಟ್ಕೊಳ್ತೀವಿ. ಅಷ್ಟರಲ್ಲಿ ನಿಮ್ಮ ಕನೆಕ್ಷನ್ ಸರಿ ಮಾಡಿಸ್ಕೊಳ್ಳಿ’ ಎಂದು ವಾರ ಮೊದಲೇ ಹೇಳಿದರೆ ಆ ಇಕ್ಕಟ್ಟು ಬರುವುದಿಲ್ಲ.

ನೆಂಟರ ಫೋನ್ ಬಂದದ್ದು ಹೇಗೆಂದರೆ, ಉಳಿಸಿಟ್ಟ ಪಾಸ್‌ವರ್ಡನ್ನು ಈಗಿನ ಹೆಚ್ಚಿನ ಫೋನ್‌ಗಳು ಕ್ಯೂಆರ್ ಕೋಡ್ ಆಗಿಯೋ ನೇರವಾಗಿಯೋ ಇನ್ನೊಂದು ಫೋನ್‌ಗೆ ದಾಟಿಸುತ್ತವೆ. ಒಬ್ಬರಿಗೆ ಕೊಟ್ಟರೆ ಒಬ್ಬರಲ್ಲೇ ಉಳಿಯುವ ವಸ್ತುವಲ್ಲ ಅದು. ನಿಮ್ಮ ಸಂಪರ್ಕದ ಮೂಲಕ ಯಾರು ಏನೇ ಮಾಡಿದರೂ ಹೊರಗಿನವರಿಗೆ ಕಾಣುವುದು ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಮೊದಲು ವಿಚಾರಣೆ ಬರುವುದು ನಿಮ್ಮ ಬಳಿಗೇ ಎಂಬುದೂ ನೆನಪಿರಲಿ.

ಬದಲಿಸುವ ದಿನ ಬ್ರೌಸರ್‌ನಲ್ಲಿ ರೌಟರ್‌ನ ವಿಳಾಸ ತೆರೆಯಿರಿ. ಅದು ಸಾಮಾನ್ಯವಾಗಿ 192.168.0.1 ಅಥವಾ 192.168.1.1, ರೌಟರ್‌ನ ಅಡಿಯ ಚೀಟಿಯಲ್ಲಿ ಇರುತ್ತದೆ. ಮೊದಲು ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಅದು ಕಂಪನಿ ಕೊಟ್ಟದ್ದೇ ಉಳಿದಿದ್ದರೆ ನಿಮ್ಮ ವೈ-ಫೈಗೆ ಸೇರಿಕೊಂಡ ಯಾರು ಬೇಕಾದರೂ ಸೆಟ್ಟಿಂಗ್ ತೆರೆಯಬಲ್ಲರು. ಆಮೇಲೆ ವೈ-ಫೈ ಪಾಸ್‌ವರ್ಡ್ ಬದಲಿಸಿ, ಭದ್ರತೆಯ ಬಗೆಯನ್ನು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3ಕ್ಕೆ ಇಟ್ಟು, ಪಾಸ್‌ವರ್ಡ್ ಹಾಕದೆ ಗುಂಡಿ ಒತ್ತಿಯೋ ಪಿನ್ ಹಾಕಿಯೋ ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಆಫ್ ಮಾಡಿ. ನಿಮ್ಮ ಟಿವಿ, ಪ್ರಿಂಟರ್, ಕ್ಯಾಮೆರಾಗಳ ಸಂಪರ್ಕವೂ ಕಡಿಯುತ್ತದೆ. ಎಲ್ಲಕ್ಕೂ ಹೊಸದನ್ನು ಹಾಕಲು ಅರ್ಧ ಗಂಟೆ ಇಟ್ಟುಕೊಳ್ಳಿ. ಅವರ ಫೋನ್ ಮಾತ್ರ ಬ್ಲಾಕ್ ಮಾಡುವ ಉಪಾಯ ಹೆಚ್ಚು ದಿನ ನಡೆಯುವುದಿಲ್ಲ. ಆ್ಯಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನ್‌ಗಳು ರೌಟರ್ ಗುರುತು ಹಿಡಿಯುವ ತಮ್ಮ ನಿಜವಾದ ಮ್ಯಾಕ್ ವಿಳಾಸದ (ಸಾಧನದ ಗುರುತಿನ ಸಂಖ್ಯೆ) ಬದಲು ಬೇರೊಂದನ್ನು ತೋರಿಸುತ್ತವೆ. ಅದು ಬದಲಾದರೆ ನಿಮ್ಮ ತಡೆ ಬಿದ್ದುಹೋಗುತ್ತದೆ.

ಮುಂದೆ ಯಾರಿಗಾದರೂ ಕೊಡಲೇಬೇಕಾದರೆ ರೌಟರ್‌ನಲ್ಲೇ ಅತಿಥಿಗಳಿಗೆಂದು ಇರುವ ಪ್ರತ್ಯೇಕ ವೈ-ಫೈ, ಅಂದರೆ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅದರ ಪಾಸ್‌ವರ್ಡ್ ಕೊಡಿ. ಅದನ್ನು ಬೇಕೆಂದಾಗ ನಿಲ್ಲಿಸಬಹುದು, ನಿಮ್ಮ ಸಾಧನಗಳು ಹಾಗೇ ಇರುತ್ತವೆ.

ಪ್ರಶ್ನೆ: ಪಕ್ಕದವರ ಮನೆ ರಿಪೇರಿಗೆ ಎರಡು ದಿನ ಎಂದು ನಮ್ಮ ಸಾಕೆಟ್‌ನಿಂದ ವೈರ್ ಎಳೆದುಕೊಂಡರು. ತಿಂಗಳಾಯಿತು. ವೈರ್ ಮುಟ್ಟಿದರೆ ಬಿಸಿ.

ಇಲ್ಲಿ ಮೊದಲು ಸುರಕ್ಷತೆ, ಆಮೇಲೆ ಮರ್ಯಾದೆ. ಪ್ಲಗ್ ಅಥವಾ ವೈರ್ ಬಿಸಿಯಾಗಿದ್ದರೆ ಇವತ್ತೇ ಸ್ವಿಚ್ ಆರಿಸಿ, ವಿಷಯ ತಿಳಿಸಿ. 230 ವೋಲ್ಟ್ ಇರುವ ಕಡೆ 6 ಆಂಪಿಯರ್ ಸಾಕೆಟ್ ತಡೆಯುವುದು ಸುಮಾರು 1,380 ವಾಟ್. ಟೈಲ್ಸ್ ಕತ್ತರಿಸುವ ಯಂತ್ರವೊಂದೇ 1,200 ವಾಟ್ ದಾಟಬಹುದು. ಅದರ ಜೊತೆಗೆ ಡ್ರಿಲ್ ಓಡಿತೆಂದರೆ ಮಿತಿ ಮೀರುತ್ತದೆ. ಸುರುಳಿ ಸುತ್ತಿಟ್ಟ ಎಕ್ಸ್‌ಟೆನ್ಷನ್ ಬಾಕ್ಸ್ ಇನ್ನೂ ಅಪಾಯ. ಒಳಸುತ್ತಿನ ಬಿಸಿ ಹೊರಬರಲು ದಾರಿಯಿಲ್ಲದೆ ವೈರಿನ ಹೊದಿಕೆ ಕರಗುತ್ತದೆ. ಪೂರ್ತಿ ಬಿಚ್ಚಿಯೇ ಬಳಸಬೇಕು, ಆ ಲೈನಿಗೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಇರಬೇಕು.

ಆದರೆ ‘ವೈರ್ ಬಿಸಿಯಾಗ್ತಿದೆ’ ಎಂಬ ಒಂದೇ ಕಾರಣ ಹೇಳಿದರೆ ನಾಳೆ ದಪ್ಪ ವೈರ್ ತರುತ್ತಾರೆ. ಸುರಕ್ಷತೆಯ ಮಾತು ಮುಗಿಸಿ, ಬೇರೆಯಾಗಿ ಹೇಳಿ: ‘ವೈರ್ ಬಿಸಿಯಾಗದ ಹಾಗೆ ನೋಡ್ಕೊಂಡು ಶನಿವಾರದ ತನಕ ತಗೊಳ್ಳಿ, ಅವತ್ತು ಸಂಜೆ ವೈರ್ ತೆಗೀತೀನಿ.’ ಶನಿವಾರ ಸಂಜೆ ತೆಗೆದು, ಸುತ್ತಿ, ಅವರ ಕೈಗೆ ಕೊಡಿ.

ಆದ ಖರ್ಚು ಕೇಳಲು ಸಂಕೋಚವೇ? ಲೆಕ್ಕ ಮುಂದಿಟ್ಟರೆ ಸುಲಭ. 1,000 ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. 1,300 ವಾಟ್‌ನ ಯಂತ್ರ ದಿನಕ್ಕೆ ನಾಲ್ಕು ಗಂಟೆ ಓಡಿದರೆ 5.2 ಯೂನಿಟ್. ಹಿಂದಿನ ತಿಂಗಳ ಮತ್ತು ಈ ತಿಂಗಳ ಬಿಲ್ ಎರಡನ್ನೂ ತೋರಿಸಿ, ಹೆಚ್ಚಾದ ಯೂನಿಟ್‌ಗಷ್ಟೇ ಕೇಳಿ.

ಪ್ರಶ್ನೆ: ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕಲೆಂದು ಬೀಗದ ಕೈ ಕೊಟ್ಟಿದ್ದೆವು. ವಾಪಸ್ ಕೇಳಲಿಲ್ಲ. ಈಗ ನಾವಿಲ್ಲದಾಗ ಒಳಗೆ ಬಂದು ಸಾಮಾನು ತೆಗೆದುಕೊಂಡು ಹೋಗಿ ಮತ್ತೆ ಇಡುತ್ತಾರೆ.

‘ನಮ್ಮ ಬೀಗದ ಕೈ ಇವತ್ತು ಸಂಜೆ ಕೊಟ್ಟುಬಿಡಿ, ಇನ್ನು ನಾವೇ ಇಟ್ಕೊಳ್ತೀವಿ’ ಎಂದು ಕೇಳಿ. ಅದರ ಹಿಂದೆಯೇ ‘ಏನಾದ್ರೂ ಬೇಕಿದ್ರೆ ನಾವಿದ್ದಾಗ ಬಂದು ಕೇಳಿ’ ಎಂದೂ ಹೇಳಿ. ನಮ್ಮ ಕೈಲಿದ್ದ ಕೀ ಕಳೆದುಹೋಗಿದೆ ಎಂದು ಸುಳ್ಳು ನೆಪ ಹೇಳಿ ಅವರಿಂದ ಪಡೆದರೆ ಒಳಗೆ ಬರಬಾರದು ಎಂಬ ವಿಷಯ ಹೇಳದೆಯೇ ಉಳಿಯುತ್ತದೆ.

ನಕಲಿ ಕೀ ಮಾಡಿಸಿರಬಹುದು ಎಂಬ ಅನುಮಾನವಿದ್ದರೆ ಜಗಳ ಬೇಡ, ಪೂರ್ತಿ ಬೀಗ ಬದಲಿಸುವುದೂ ಬೇಡ. ಬಾಗಿಲಿನ ಒಳಗೇ ಕೂರಿಸಿದ ಬೀಗವಾಗಿ, ಕೀ ಹಾಕುವ ಭಾಗ ಬೇರೆಯೇ ಸಿಲಿಂಡರ್ ಆಗಿದ್ದರೆ ಅದನ್ನಷ್ಟೇ ಬದಲಿಸಬಹುದು. ಬಾಗಿಲಿನ ಅಂಚಿನ ತಗಡಿನಲ್ಲಿ ಸಿಲಿಂಡರ್‌ನ ನೇರಕ್ಕೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೀ ಹಾಕಿ ಸ್ವಲ್ಪ ತಿರುಗಿಸಿ ಎಳೆದರೆ ಒಳಗಿನ ನಾಲಗೆ ನೇರವಾಗುವ ಜಾಗದಲ್ಲಿ ಸಿಲಿಂಡರ್ ಹೊರಗೆ ಬರುತ್ತದೆ. ಸ್ಕ್ರೂ ತೂತಿನ ನಡುವಿನಿಂದ ಎರಡೂ ತುದಿಗೆ ಬೇರೆ ಬೇರೆ ಅಳತೆ ತೆಗೆಯಿರಿ. 30/30, 35/45 ಮಿಲಿಮೀಟರ್ ಎಂದು ಬರೆದಿರುವುದು ಇದನ್ನೇ. ಒಟ್ಟು ಉದ್ದ ಮಾತ್ರ ನೋಡಿ ತಂದರೆ ಒಂದು ಕಡೆ ಹೊರಗೆ ಚಾಚಿಕೊಳ್ಳುತ್ತದೆ. ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚು ಚಾಚಿದ್ದು ಹಿಡಿದು ಮುರಿಯಲು ಸುಲಭ.

ಪ್ರಶ್ನೆ: ಬೆರಳು ತೋರಿಸಿದರೆ ಹಸ್ತ ನುಂಗುತ್ತಾರೆ ಎನ್ನುತ್ತಾರೆ. ಹಾಗಾದರೆ ಸಣ್ಣ ಸಹಾಯವನ್ನೂ ಮಾಡಬಾರದೇ?

ಮಾಡಬೇಕು. ನೆರೆಯವರಿಲ್ಲದೆ ಯಾರ ಬದುಕೂ ಸಾಗದು. ಆದರೆ ಸಣ್ಣ ಒಪ್ಪಿಗೆ ದೊಡ್ಡದಕ್ಕೆ ದಾರಿ ಮಾಡುವುದು ನಿಜ. 1966ರಲ್ಲಿ ಜೊನಾಥನ್ ಫ್ರೀಡ್ಮನ್ ಮತ್ತು ಸ್ಕಾಟ್ ಫ್ರೇಸರ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದಲ್ಲಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಅಂಗಳದಲ್ಲಿ ‘ಎಚ್ಚರದಿಂದ ವಾಹನ ಓಡಿಸಿ’ ಎಂಬ ದೊಡ್ಡ, ಅಂದಗೆಟ್ಟ ಫಲಕ ನಿಲ್ಲಿಸಲು ಅನುಮತಿ ಕೇಳಿದಾಗ ಶೇ 17ರಷ್ಟು ಮನೆಯವರು ಮಾತ್ರ ಒಪ್ಪಿದರು. ಮೊದಲು ಅದೇ ವಿಷಯದ ಪುಟ್ಟ ಫಲಕವೊಂದನ್ನು ಹಾಕಿಕೊಳ್ಳಿ ಎಂದು ಕೇಳಿಸಿಕೊಂಡಿದ್ದ ಮನೆಗಳಲ್ಲಿ ಒಪ್ಪಿದವರು ಶೇ 76.

ಹಾಗಾಗಿ ಹೂಂ ಎನ್ನುವ ಗಳಿಗೆಯಲ್ಲೇ ಕೊನೆಯನ್ನೂ ಸೇರಿಸಿ. ‘ಏಣಿ ತಗೊಳ್ಳಿ, ನಾಳೆ ಸಂಜೆ ನಂಗೆ ಬೇಕು.’ ‘ಈ ವಾರ ಆಫೀಸಿಗೆ ಬಿಡ್ತೀನಿ, ಸೋಮವಾರದಿಂದ ಆಗಲ್ಲ.’ ಆ ಗಳಿಗೆಯಲ್ಲಿ ಇದು ಯಾರಿಗೂ ಕಹಿಯಾಗುವುದಿಲ್ಲ; ಮೂರು ತಿಂಗಳ ನಂತರ ಇದೇ ಮಾತು ಹೇಳಿದರೆ ಆಗುತ್ತದೆ. ತಕ್ಷಣ ಉತ್ತರ ಹೊಳೆಯದಿದ್ದರೆ ‘ನೋಡಿ ಸಂಜೆ ಹೇಳ್ತೀನಿ’ ಎನ್ನಿ, ಸಂಜೆ ತಪ್ಪದೆ ಹೇಳಿ.

ಪ್ರಶ್ನೆ: ನಮ್ಮ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಲು ಬಾಯಿಮಾತಿನಲ್ಲಿ ಒಪ್ಪಿದ್ದೆವು. ಈಗ ಅದು ತಮ್ಮದೇ ಜಾಗ ಎಂಬಂತೆ ಮಾತಾಡುತ್ತಾರೆ.

ಇದೊಂದನ್ನು ಬರವಣಿಗೆಗೆ ತನ್ನಿ. ಬೇರೆಯವರ ನೆಲವನ್ನು ಅನುಮತಿಯಿಲ್ಲದೆ ಬಹಳ ವರ್ಷ ಬಳಸಿದವರಿಗೆ ಬಳಕೆಯ ಹಕ್ಕು ಕೊಡುವ ಕಾನೂನು ಹಲವು ದೇಶಗಳಲ್ಲಿದೆ. ಒಡೆಯರ ಅನುಮತಿಯಿಂದಲೇ ಬಳಸಿದ್ದಕ್ಕೆ ಸಾಮಾನ್ಯವಾಗಿ ಆ ಹಕ್ಕು ಹುಟ್ಟುವುದಿಲ್ಲ. ನೀವು ಅನುಮತಿ ಕೊಟ್ಟಿದ್ದಕ್ಕೆ ಗುರುತು ಇರಬೇಕು, ಅಷ್ಟೇ. ಮೊದಲು ಎದುರು ಕೂತು ಮಾತಾಡಿ, ಅದೇ ದಿನ ಅವರೊಬ್ಬರಿಗೇ ಸಂದೇಶ ಕಳಿಸಿ. ಕಟ್ಟಡದ ಗುಂಪಿನಲ್ಲಿ ಹಾಕಬೇಡಿ, ನಾಲ್ಕು ಜನರ ಮುಂದೆ ಯಾರೂ ಸೋಲೊಪ್ಪುವುದಿಲ್ಲ. ‘ನಮ್ಮ ಜಾಗದಲ್ಲಿ ನಿಮ್ಮ ಗಾಡಿ ನಿಲ್ಲಿಸಲು ನಾವು ಒಪ್ಪಿದ್ದು ತಾತ್ಕಾಲಿಕವಾಗಿ. ಇಂದು ಮಾತಾಡಿದಂತೆ ಈ ತಿಂಗಳ ಕೊನೆಯವರೆಗೆ ನಿಲ್ಲಿಸಬಹುದು, ಆಮೇಲೆ ಜಾಗ ನಮಗೆ ಬೇಕು’ ಎಂದಷ್ಟು ಬರೆದರೆ ಸಾಕು. ಆ ಸಂದೇಶ ಮತ್ತು ಬಂದ ಉತ್ತರ ಎರಡನ್ನೂ ಅಳಿಸದೆ ಇಟ್ಟುಕೊಳ್ಳಿ. ಗಡುವು ಮುಗಿದ ಮೇಲೂ ಗಾಡಿ ಅಲ್ಲೇ ಇದ್ದರೆ ಚಕ್ರದ ಗಾಳಿ ಬಿಡುವುದು, ಅಡ್ಡ ನಿಲ್ಲಿಸುವುದು ಮಾಡಬೇಡಿ. ತಪ್ಪು ನಿಮ್ಮ ಕಡೆಗೆ ತಿರುಗುತ್ತದೆ. ಕಟ್ಟಡದ ಸಂಘವಿದ್ದರೆ ಅಲ್ಲಿ, ಇಲ್ಲದಿದ್ದರೆ ವಕೀಲರ ಬಳಿ ಆ ಎರಡು ಸಂದೇಶ ತೋರಿಸಿ.