ನಾಲ್ಕು ಊರು ಬಿಡಿ, ಒಂದು ಪ್ಯಾಡ್ ಸಾಕು

ನಮಸ್ಕಾರ. ‘ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸಿದ ಊರುಗಳು’ ಅಂತ ನೀವು ಕಳಿಸಿದ ಲೇಖನ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ.

ಕಜಕಸ್ತಾನದ ಬೈಕನೂರು, ಅಮೆರಿಕದ ಕೆನಡಿ, ಚೀನಾದ ಜಿಯುಕ್ವಾನ್, ನಮ್ಮ ಶ್ರೀಹರಿಕೋಟಾ ಎಲ್ಲಕ್ಕೂ ಒಂದೊಂದು ಪ್ಯಾರಾ ಹಂಚಿದ್ದೀರಿ. ಸ್ಥಾಪನೆ ಯಾವಾಗ, ವಿಸ್ತೀರ್ಣ ಎಷ್ಟು, ಸಮುದ್ರ ಎಷ್ಟು ದೂರ. ಪರೀಕ್ಷೆಗೆ ಓದುವವರಿಗೆ ಇದು ಸರಿ, ಸುಮ್ನೆ ಓದಲು ಕೂತವರು ಎರಡನೇ ಪ್ಯಾರಾದಲ್ಲೇ ಎದ್ದು ಹೋಗುತ್ತಾರೆ. ಶ್ರೀಹರಿಕೋಟಾದಿಂದ ಗಗನಯಾನಿಗಳು ಇನ್ನೂ ಹಾರಿಯೇ ಇಲ್ಲ, ‘ಕಳಿಸಿದ ಊರು’ ಪಟ್ಟಿಗೆ ಅದು ಹೇಗೆ ಬಂತು?

ಇನ್ನೊಂದು. ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಗಗಾರಿನ್ ಹಾರಿದ ಉಡಾವಣಾ ಪ್ಯಾಡಿನಿಂದಲೇ ರಾಕೇಶ್ ಶರ್ಮಾ ಕೂಡ ಹಾರಿದರು ಅಂತ ಬರೆದಿದ್ದೀರಿ. ಕೇಳಲು ಚೆಂದ, ಆದರೆ ತಪ್ಪು. 1961ರಲ್ಲಿ ಗಗಾರಿನ್ ಹೊರಟಿದ್ದು ಬೈಕನೂರಿನ ಸೈಟ್ 1ರಿಂದ. 1984ರ ಏಪ್ರಿಲ್ 3ರಂದು ಶರ್ಮಾ ಹೊರಟಿದ್ದು ಅಲ್ಲಿನದೇ ಇನ್ನೊಂದು ಪ್ಯಾಡ್, ಸೈಟ್ 31ರಿಂದ. ಯಾಕೆ ಅಂತ ಒಂದು ಸಲ ಹುಡುಕಿದ್ದರೆ ಲೇಖನವೇ ಸಿಗುತ್ತಿತ್ತು!

ಉತ್ತರ ನಿಮ್ಮ ಮೂರನೇ ಪುಟದಲ್ಲೇ ಇದೆ. ‘1983ರಲ್ಲಿ ಅಲ್ಲಿ ಒಂದು ಬೆಂಕಿ ಅವಘಡವೂ ನಡೆಯಿತು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅಯ್ಯೋ, ಅದೇ ಅಲ್ವಾ ಕಥೆ? ಸೆಪ್ಟೆಂಬರ್ 26ರ ರಾತ್ರಿ, ಗಗಾರಿನ್ ಪ್ಯಾಡಿನ ಮೇಲೆ ಸೋಯುಜ್ ರಾಕೆಟ್ ನಿಂತಿದೆ, ತುದಿಯಲ್ಲಿ ಸೋವಿಯತ್ ಗಗನಯಾನಿಗಳು ಟಿಟೋವ್ ಮತ್ತು ಸ್ಟ್ರೆಕಾಲೊವ್ ಕೂತಿದ್ದಾರೆ. ಹಾರಲು ಸುಮಾರು ಒಂದೂವರೆ ನಿಮಿಷ ಇರುವಾಗ ಬುಡದಲ್ಲಿ ಇಂಧನ ಚೆಲ್ಲಿ ಬೆಂಕಿ ಹತ್ತಿತು. ಒಳಗಿದ್ದವರಿಗೆ ಅದು ಕಾಣಿಸಲಿಲ್ಲ. ಬೆಂಕಿಗೆ ಕೇಬಲ್‌ಗಳು ಸುಟ್ಟಿದ್ದರಿಂದ ಅವರನ್ನು ಪಾರುಮಾಡುವ ಸಿಗ್ನಲ್ಲನ್ನು ರೇಡಿಯೊ ಮೂಲಕವೇ ಕಳಿಸಬೇಕಾಯಿತು, ಅದಕ್ಕೆ ಬೇರೆ ಬೇರೆ ಕೋಣೆಯಲ್ಲಿದ್ದ ಇಬ್ಬರು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಗುಂಡಿ ಒತ್ತಬೇಕಿತ್ತು. ಒತ್ತಿದರು. ತುದಿಯಲ್ಲಿದ್ದ ಪುಟ್ಟ ರಾಕೆಟ್ ಕ್ಯಾಪ್ಸೂಲನ್ನು ಕಿತ್ತುಕೊಂಡು ಹಾರಿದ ಕೆಲವೇ ಕ್ಷಣಕ್ಕೆ ಕೆಳಗಿನದೆಲ್ಲ ಸಿಡಿಯಿತು. ಇಬ್ಬರೂ ಸುಮಾರು ನಾಲ್ಕು ಕಿಲೋಮೀಟರ್ ಆಚೆ ಜೀವಂತ ಇಳಿದರು.

ಪ್ಯಾಡ್ ಸುಟ್ಟು ಹೋಗಿತ್ತು. ಹಾಗಾಗಿ ಶರ್ಮಾ ಸೈಟ್ 31ಕ್ಕೆ ಹೋದರು. ಅವರ ಜೊತೆ ಸೋಯುಜ್ ಟಿ-11 ನೌಕೆಯಲ್ಲಿ ಕೂತಿದ್ದವರಲ್ಲಿ ಒಬ್ಬರು ಯಾರು ಗೊತ್ತಾ? ಅದೇ ಸ್ಟ್ರೆಕಾಲೊವ್. ಬೆಂಕಿಯಿಂದ ಪಾರಾಗಿ ಆರು ತಿಂಗಳು ಕಳೆದಿತ್ತು ಅಷ್ಟೇ.

ಇದನ್ನು ಬರೆಯಿರಿ. ಉಳಿದ ಮೂರು ಊರು ಬೇಡ. ‘ಮಾನವಕುಲದ ಅದಮ್ಯ ಚೇತನ’ ಎರಡು ಸಲ ಬಂದಿದೆ, ಎರಡನ್ನೂ ಹೊಡೆದು ಹಾಕಿ. 900 ಪದಕ್ಕಿಂತ ಜಾಸ್ತಿ ಬೇಡ, ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.