ಕಿರುಚಿತ್ರದಲ್ಲಿ ಫ್ಲ್ಯಾಶ್‌ಬ್ಯಾಕ್ ದೃಶ್ಯವು ಸಹಜವಾಗಿ ಕಾಣುವಂತೆ ಎಡಿಟ್ ಮಾಡುವುದು ಹೇಗೆ?

ಹಳೆಯ ಮನೆಯನ್ನು ಮಾರಲು ಬಂದ ಮಗನಿಗೆ ಬಾಲ್ಯ ನೆನಪಾಗುವ ದೃಶ್ಯಕ್ಕೆ ಕಪ್ಪುಬಿಳುಪು ಫಿಲ್ಟರ್ ಹಾಕಿದ್ದರೂ ಅದು ನೆನಪಿನಂತೆ ಅನ್ನಿಸುತ್ತಿಲ್ಲ, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಇನ್ನೇನು ಮಾಡಬಹುದು ಎಂದು ಕೇಳಿದ್ದೀರಿ. ಕಿರುಚಿತ್ರಗಳನ್ನು ಎಡಿಟ್ ಮಾಡುವವನಾಗಿ ನಾನು ಹೇಳುವುದಿಷ್ಟು: ಪ್ರೇಕ್ಷಕರನ್ನು ನೆನಪಿನೊಳಗೆ ಕರೆದೊಯ್ಯುವುದು ಕಟ್ ಮತ್ತು ಶಬ್ದ, ಬಣ್ಣವನ್ನು ಕೊನೆಯಲ್ಲಿ ಮುಟ್ಟಿದರೆ ಸಾಕು.

ಇದು ಯಾರ ನೆನಪು ಎಂಬುದು ದೃಶ್ಯ ಬದಲಾಗುವ ಮೊದಲೇ ತಿಳಿಯಬೇಕು. ಆದ್ದರಿಂದ ಮಗನ ಮುಖದ ಕ್ಲೋಸಪ್ಪನ್ನು ಮಾತು ಮುಗಿದ ಮೇಲೂ ಒಂದೆರಡು ಸೆಕೆಂಡು ಉಳಿಸಿಕೊಳ್ಳಿ. ಅವನ ಕೈ ಬಾಗಿಲಿನ ಚಿಲಕದ ಮೇಲಿರುವ ಶಾಟ್ ನಿಮ್ಮಲ್ಲಿದ್ದರೆ, ಅಲ್ಲಿಂದ ನೇರವಾಗಿ ಅದೇ ಚಿಲಕಕ್ಕೆ ಕೈ ಎಟುಕದೆ ತುದಿಗಾಲಲ್ಲಿ ನಿಂತ ಹುಡುಗನ ಶಾಟ್‌ಗೆ ಕಟ್ ಮಾಡಿ. ಎರಡೂ ಶಾಟ್‌ಗಳಲ್ಲಿ ಚಿಲಕ ಫ್ರೇಮಿನ ಒಂದೇ ಜಾಗದಲ್ಲಿರುವಂತೆ ಇನ್‌ಸ್ಪೆಕ್ಟರ್ ಎಂಬ ಸೆಟ್ಟಿಂಗ್ ಫಲಕದಲ್ಲಿ ಝೂಮ್ ಮತ್ತು ಪೊಸಿಷನ್ ಹೊಂದಿಸಿದರೆ, ಬಿಳಿ ಮಿಂಚಾಗಲಿ ಅಲೆಯಾಡುವ ಟ್ರಾನ್ಸಿಷನ್ನಾಗಲಿ ಬೇಕಾಗುವುದೇ ಇಲ್ಲ.

ಶಬ್ದದ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. ಬಾಲ್ಯದ ದೃಶ್ಯದ ಆಡಿಯೊವನ್ನು ವಿಡಿಯೊದಿಂದ ಅನ್‌ಲಿಂಕ್ ಮಾಡಿ, ಅದರ ಆರಂಭವನ್ನು ಸುಮಾರು ಒಂದು ಸೆಕೆಂಡು ಹಿಂದಕ್ಕೆ ಎಳೆದರೆ, ಮಗನ ಮುಖ ಕಾಣುತ್ತಿರುವಾಗಲೇ ಅಡುಗೆಮನೆಯ ಪಾತ್ರೆಯ ಸದ್ದೋ ಅಮ್ಮ ಕರೆಯುವ ದನಿಯೋ ಕೇಳಿಸತೊಡಗುತ್ತದೆ. ಎಡಿಟರ್‌ಗಳು ಜೆ-ಕಟ್ ಎನ್ನುವುದು ಇದನ್ನೇ. ಅದೇ ಹೊತ್ತಿಗೆ ವರ್ತಮಾನದ ಫ್ಯಾನಿನ ಸದ್ದು, ರಸ್ತೆಯ ಗದ್ದಲ ನಿಧಾನವಾಗಿ ಇಳಿಯಲಿ. ನೆನಪಿನ ಶಬ್ದಕ್ಕೆ ಈಕ್ಯೂನಲ್ಲಿ (ಶಬ್ದದ ತೀಕ್ಷ್ಣ, ಗಂಭೀರ ಭಾಗಗಳನ್ನು ಏರಿಳಿಸುವ ಸಾಧನ) 5 ಕಿಲೋಹರ್ಟ್ಸ್‌ಗಿಂತ ಮೇಲಿನ ತೀಕ್ಷ್ಣ ಭಾಗವನ್ನು ತಗ್ಗಿಸಿ, ತುಸುವೇ ರಿವರ್ಬ್ (ಅನುರಣನ) ಸೇರಿಸಿದರೆ ದೂರದ ಭಾವ ಬರುತ್ತದೆ. ಮಾತು ಸ್ಪಷ್ಟವಾಗಿ ಕೇಳಿಸಬೇಕಾದ ಕಡೆ ರಿವರ್ಬ್ ಬೇಡ.

ಬಣ್ಣದಲ್ಲಿ ಪೂರ್ಣ ಕಪ್ಪುಬಿಳುಪಿಗೆ ಹೋಗದೆ, ಸ್ಯಾಚುರೇಶನ್ನನ್ನು (ಬಣ್ಣದ ಗಾಢತೆ) ಮೂಲದ 50ರಿಂದ 30ರ ಆಸುಪಾಸಿಗೆ ಇಳಿಸಿ, ಲಿಫ್ಟನ್ನು (ಕತ್ತಲ ಭಾಗಗಳ ನಿಯಂತ್ರಣ) ಸ್ವಲ್ಪ ಏರಿಸಿ ಕಡುಗಪ್ಪನ್ನು ತಿಳಿಯಾಗಿಸಿ, ಗೇನ್ ಚಕ್ರವನ್ನು (ಬೆಳಕಿನ ಭಾಗಗಳ ನಿಯಂತ್ರಣ) ಹಳದಿಯತ್ತ ಕೊಂಚ ಸರಿಸಿ. ಮೃದುವಾದ ಹೊಳಪು ಬೇಕಿದ್ದರೆ ಅದೇ ಕ್ಲಿಪ್ಪಿನ ನಕಲನ್ನು ಮೇಲಿನ ಟ್ರ್ಯಾಕ್‌ನಲ್ಲಿಟ್ಟು, ಗಾಸಿಯನ್ ಬ್ಲರ್ (ಮಸುಕು) ಹಾಕಿ, ಕಾಂಪೋಸಿಟ್ ಮೋಡನ್ನು (ಕೆಳಗಿನ ಚಿತ್ರದೊಂದಿಗೆ ಬೆರೆಯುವ ರೀತಿ) ಸ್ಕ್ರೀನ್ ಮಾಡಿ, ಒಪಾಸಿಟಿಯನ್ನು (ಆ ನಕಲು ಎಷ್ಟು ಗಾಢವಾಗಿ ಕಾಣಬೇಕೆಂಬುದು) 25–30ರಷ್ಟಿಡಿ. ಒಂದು ಶಾಟ್‌ಗೆ ಒಪ್ಪಿದ ಗ್ರೇಡನ್ನು (ಬಣ್ಣದ ಹೊಂದಾಣಿಕೆ) ಗ್ಯಾಲರಿಯಲ್ಲಿ ಸ್ಟಿಲ್ ಆಗಿ ಉಳಿಸಿ ನೆನಪಿನ ಎಲ್ಲ ಶಾಟ್‌ಗಳಿಗೂ ಹಾಕಿ, ಏಕೆಂದರೆ ಮೊದಲ ಬಾರಿ ಕಲಿತ ಗುರುತನ್ನೇ ಪ್ರೇಕ್ಷಕರು ಮುಂದೆಯೂ ನಿರೀಕ್ಷಿಸುತ್ತಾರೆ.

ಸ್ಲೋಮೋಷನ್ ಬೇಕಾದರೆ 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) ಚಿತ್ರೀಕರಿಸಿದ ಶಾಟನ್ನೇ ಬಳಸಿ. 24ರ ಟೈಮ್‌ಲೈನಿನಲ್ಲಿ ಅದನ್ನು 40 ಪ್ರತಿಶತ ವೇಗಕ್ಕಿಳಿಸಿದರೂ ಚಲನೆ ನಯವಾಗಿರುತ್ತದೆ. 24ರಲ್ಲೇ ತೆಗೆದದ್ದನ್ನು ಆಪ್ಟಿಕಲ್ ಫ್ಲೋ (ನಡುವಿನ ಫ್ರೇಮ್‌ಗಳನ್ನು ತಂತ್ರಾಂಶವೇ ಊಹಿಸಿ ಸೃಷ್ಟಿಸುವ ವಿಧಾನ) ಮೂಲಕ ನಿಧಾನಗೊಳಿಸಿದರೆ, ಬೀಸುವ ಕೈಬೆರಳುಗಳ ಅಂಚು ಕಲಸಿಕೊಳ್ಳುವ ಸಾಧ್ಯತೆ ಹೆಚ್ಚು.

ಕನಸಿನ ದೃಶ್ಯವಾದರೆ ನಾನು ಬೇರೆ ದಾರಿ ಹಿಡಿಯುತ್ತೇನೆ. ನೆನಪಿಗೆ ಒಂದು ಕ್ರಮವಿದೆ, ಕನಸಿಗೆ ಅದು ಇರಬೇಕಿಲ್ಲ. ಆದ್ದರಿಂದ ಬಣ್ಣವನ್ನು ಹಾಗೆಯೇ ಬಿಟ್ಟು, ಲೋಟದಿಂದೇಳುವ ಹಬೆ ಮತ್ತೆ ಲೋಟದೊಳಕ್ಕೆ ಇಳಿಯುವಂತೆ ಒಂದೇ ಒಂದು ಶಾಟನ್ನು ರಿವರ್ಸ್ ಮಾಡಿ, ನಡೆಯುವವನ ಹೆಜ್ಜೆಸಪ್ಪಳವನ್ನು ಪೂರ್ತಿ ತೆಗೆದುಬಿಡುತ್ತೇನೆ.

ನೆನಪಿನ ದೃಶ್ಯದಲ್ಲಿ ಹೊಳಪು ಅಥವಾ ವಿನ್ಯೆಟ್ (ಅಂಚುಗಳನ್ನು ಮಬ್ಬಾಗಿಸುವ ಪರಿಣಾಮ) ಇರುವ ಭಾಗಗಳಲ್ಲಿ, ವಿಶೇಷವಾಗಿ ಬರಿಯ ಗೋಡೆಗಳ ಮೇಲೆ, ಎಕ್ಸ್‌ಪೋರ್ಟ್ ಆದ ಬಳಿಕ ಪಟ್ಟೆಗಳು ಮೂಡಬಹುದು. ಫೈಲನ್ನು ಮೊಬೈಲ್‌ನಲ್ಲಿ ಒಮ್ಮೆ ನೋಡಿ. ಪಟ್ಟೆ ಕಂಡರೆ ಹೊಳಪನ್ನು ಇನ್ನಷ್ಟು ತಗ್ಗಿಸಿ, ಇಲ್ಲವೇ ಗ್ರೇನ್ (ಫಿಲ್ಮಿನ ಸಣ್ಣ ಕಣಗಳ) ತುಣುಕೊಂದನ್ನು ಓವರ್‌ಲೇ ಮೋಡಿನಲ್ಲಿ ಬಹಳ ತೆಳುವಾಗಿ ಮೇಲಿಡಿ.